ಕಸ್ತೂರಕ್ಕನ ತೋಟದ ಪೇರಲ

ನಿನ್ನೆ ನಮ್ಮ ಯಜಮಾನರು ಒಂದು ಪೇರಲಹಣ್ಣಿಗೆ ಚಾಕು ಹಾಕಿದರು. ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎಂದು ನೀವು ಕೇಳಬಹುದು. ಹಣ್ಣು ಕಟ್ಟಿಗೆಯದು. ನಾನು ಹುಕ್ಕೇರಿಯಲ್ಲಿ ಸಂಸಾರ ಹೂಡಿದಂದಿನಿಂದ ಅದು ನಮ್ಮ ಷೋಕೇಸಿನಲ್ಲಿ ಸ್ಟೀಲಿನ ಲೋಟಗಳ ಮುಂದೆ ಕುಳಿತಿದೆ. ಸಂತೆಯಿಂದ ಹಣ್ಣು ತಂದಾಗಲೆಲ್ಲ ಇವರಿಗೆ ಅದನ್ನೂ ತೆಗೆದು ನಿಜವಾದ ಹಣ್ಣುಗಳ ಬುಟ್ಟಿಯಲ್ಲಿಡುವ ಹುಕಿ. ಮನೆಗೆ ಬಂದವರು ಯಾರಾದರೂ ಮೋಸ ಹೋಗಲಿ ಎಂಬ ಆಸೆ. ನಿನ್ನೆ ಇವರ ಕನ್ನಡಕ ಟಿವಿಯ ಮೇಲಿತ್ತು, ಮೋಸ ಹೋದವರು ಇವರೇ.

“ಅಯ್ಯ, ಇನ್ನ ಕಾಯಿ ಐತಲ್ಲ ಇದು!” ಎಂದರು, ಚಾಕು ಒಳಗೆ ಇಳಿಯದಿದ್ದಾಗ.

“ಕಣ್ಣ ಎಲ್ಲಿಟ್ಟೀರ್ರಿ? ಅದು ಕಸ್ತೂರಕ್ಕನ ಪೇರಲ!” ಎಂದು ನಾನು ಕೂಗಿದ ಕೂಗಿಗೆ ಬಾಜೂ ಮನೆಯವರು ಕಿಟಕಿ ತೆರೆದು ನೋಡಿದರು. ಆಗಿದ್ದಿಷ್ಟೆ: ಹಳದಿ ಬಣ್ಣದ ಮೇಲೆ ಎಳೆಯಷ್ಟು ತೆಳ್ಳನೆಯ ಒಂದು ಗೀರು. ಮೂರು ಮಾತಿಗೆ ಮುಗಿಯಬೇಕಾದ ಜಗಳವನ್ನು ಊಟದ ತನಕ ಎಳೆದೆ. ಆಮೇಲೆ ಹಣ್ಣನ್ನು ಮಡಿಲಲ್ಲಿಟ್ಟುಕೊಂಡು ಕುಳಿತಾಗ, ಬಣ್ಣ ಹಳೆಯದಾದರೂ ಅದರಿಂದ ಹುಣಸೆಬೀಜದ ಅಂಟಿನ ವಾಸನೆ ಬಂದಂತಾಯಿತು. ಬಂದಿರಲಾರದು. ಆದರೆ ಆ ವಾಸನೆಯ ಹಿಂದೆಯೇ ಗೋಕಾಕದ ಅತ್ತಿಯ ಮನೆ ಇಡಿಯಾಗಿ ಬಂದು ಪಡಸಾಲೆಯಲ್ಲಿ ನಿಂತಿತು.

ಗೋಕಾಕ ಎಂದರೆ ನಿಮಗೆ ಜಲಪಾತ ನೆನಪಾಗಬಹುದು, ಕರದಂಟಂತೂ ಆಗಿಯೇ ಆಗುತ್ತದೆ. ಮೂಡಲಗಿಯಲ್ಲಿ ಬೆಳೆದ ನನಗೆ ಮಾತ್ರ ಗೋಕಾಕವೆಂದರೆ ಆ ಅಂಟಿನ ವಾಸನೆಯೇ. ಬೇಸಗೆ ರಜೆ ಬಿಟ್ಟ ಕೂಡಲೆ ಅಪ್ಪ ನನ್ನನ್ನು ಬಸ್ಸಿಗೆ ಹತ್ತಿಸಿ ತನ್ನ ಅಕ್ಕ ಗಂಗವ್ವನ ಮನೆಗೆ ಕಳಿಸುತ್ತಿದ್ದ. ಅವಳೇ ನನ್ನ ಸೋದರತ್ತೆ, ನಮ್ಮ ಬಾಯಲ್ಲಿ ಅತ್ತಿ. ಅವಳ ಗಂಡ, ನಮ್ಮ ಮಾಮಾ, ಹಗುರ ಕಟ್ಟಿಗೆಯಲ್ಲಿ ಹಣ್ಣು, ತರಕಾರಿ, ಗೊಂಬೆ ಮಾಡುವವರು. ಕೆತ್ತಿದ ಮೇಲೆ ಹುಣಸೆಬೀಜದ ಅಂಟಿಗೆ ಕಟ್ಟಿಗೆಯ ಪುಡಿ ಕಲಸಿ ಸಂದುಗೊಂದು ಮುಚ್ಚುವುದು, ತಿಕ್ಕಿ ನುಣುಪು ಮಾಡುವುದು, ಆಮೇಲೆ ಬಣ್ಣ. ಅವರ ಮಾವಿನಹಣ್ಣು ಮಾವಿನಹಣ್ಣಿಗಿಂತ ಚಂದ ಇರುತ್ತಿತ್ತು. ಊರ ಅಳಿಯಂದಿರು ಮೊದಲ ಸಲ ಮಾವನ ಮನೆಗೆ ಬಂದಾಗ ಫಳಾರದ ತಾಟಿನಲ್ಲಿ ಇಂಥ ಒಂದು ಬಾಳೆಹಣ್ಣನ್ನು ಸೇರಿಸಿ ಬಾಗಿಲ ಮರೆಯಲ್ಲಿ ನಿಂತು ನಗುವುದು ಆ ಓಣಿಯ ಹಳೆಯ ಚೇಷ್ಟೆ. ನಮ್ಮವರೂ ಒಮ್ಮೆ ಅದಕ್ಕೆ ಬಲಿಯಾದವರೇ. ಬುಟ್ಟಿಯ ಹುಕಿ ಅಲ್ಲಿಂದಲೇ ಹತ್ತಿದ್ದು.

ಕಸ್ತೂರಕ್ಕ ಅತ್ತಿಯ ಮಗಳು, ನನಗಿಂತ ಸ್ವಲ್ಪ ದೊಡ್ಡವಳು. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕುಕ್ಕರಿನ ಸೀಟಿ ಕೂಗಿದರೆ ಎರಡೂ ಕಿವಿ ಮುಚ್ಚಿಕೊಂಡು ಕುಳಿತಲ್ಲೇ ಹಿಂದೆಮುಂದೆ ತೂಗುತ್ತಿದ್ದಳು. ಮಾತು ಕಡಿಮೆ. ಇದ್ದ ಮಾತುಗಳಲ್ಲಿ ಹೆಚ್ಚಿನವು ಬೇರೆಯವರಿಂದ ಎತ್ತಿಕೊಂಡವು. ಬಸ್ಸಿನ ಕಂಡಕ್ಟರನ “ಮುಂದ ನಡೀರಿ, ಮುಂದ ಜಾಗಾ ಐತಿ” ಎಂಬುದನ್ನು ಅವನದೇ ದನಿಯಲ್ಲಿ ಹೇಳುತ್ತಿದ್ದಳು. ಯಾರಾದರೂ ಅವಳ ಬುಟ್ಟಿಯ ಹತ್ತಿರ ಹೆಚ್ಚು ಹೊತ್ತು ನಿಂತರೆ ಆ ಮಾತು ಹೊರಡುತ್ತಿತ್ತು. ಸಂಬಂಧಿಕರು ಸಿಟ್ಟಾಗುತ್ತಿದ್ದರು. ನನಗೆ ಅದು ಬಹಳ ಉಪಯೋಗದ ಮಾತಾಗಿ ಕಂಡಿತ್ತು. ಸಾಲಿಯಲ್ಲಿ ಹಿಂದಿ ಕಲಿಸುವ ನಾನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡಿದ್ದೇನೆ.

ಅವಳು ಮೂವತ್ತರ ಹತ್ತಿರ ಬಂದಾಗ ಬೆಳಗಾವಿಯ ಡಾಕ್ಟರೊಬ್ಬರು ಇದಕ್ಕೆ ಆಟಿಸಂ ಅನ್ನುತ್ತಾರೆ ಎಂದರು. ಅಲ್ಲಿಯವರೆಗೆ ತಾಯಿತ, ಹರಕೆ, ಬದಾಮಿ ಹಾಲು, ಎಲ್ಲ ಆಗಿ ಹೋಗಿತ್ತು. ಅತ್ತಿ ಮನೆಗೆ ಬಂದು ಚಹಾಕ್ಕೆ ಇಡುತ್ತ, “ಇಷ್ಟ ದಿನಾ ಮಂದಿ ಇಟ್ಟ ಹೆಸರಿಗಿಂತ ಇದ ಛಲೋ ಐತಿ ಬಿಡ,” ಎಂದಳು. ಅಷ್ಟೇ ಅವಳ ಅಭಿಪ್ರಾಯ.

ಕಸ್ತೂರಕ್ಕ ಬಣ್ಣ ಹಿಡಿದದ್ದು ಯಾವಾಗ ಎಂದು ಯಾರಿಗೂ ನೆನಪಿಲ್ಲ. ತೆಂಗಿನ ಕರಟಗಳಲ್ಲಿ ಕಲಸಿಟ್ಟ ಬಣ್ಣದ ಮುಂದೆ ಕುಳಿತಳು, ಏಳಲಿಲ್ಲ. ತೊಂದರೆ ಏನೆಂದರೆ ಅವಳ ಹಣ್ಣುಗಳು ಚಂದ ಇರುತ್ತಿರಲಿಲ್ಲ. ಒಂದು ಮಗ್ಗುಲು ಬಿಸಿಲಿಗೆ ಸುಟ್ಟಂತೆ ಕೆಂಪು, ಇನ್ನೊಂದು ಬಿಳಿಚು. ಪೇರಲದ ತಳಕ್ಕೆ ಗಿಳಿ ಕುಕ್ಕಿದ ಗಾಯ, ಗಾಯದ ಅಂಚಿಗೆ ಕಂದು. ಅಂಜೂರದ ಬಾಯಿಗೆ ಎರಡು ಇರುವೆ. ಇದಲ್ಲದೆ ಪ್ರತಿ ಹಣ್ಣಿಗೂ ತೊಟ್ಟಿನ ಹತ್ತಿರ ಒಂದು ಸಣ್ಣ ಗುಳಿ, ಗುಳಿಯೊಳಗೆ ನಡುವೆ ಕಡಿದ ಒಂದು ಬಾಗಿದ ಗೆರೆ.

“ಕೆಟ್ಟ ಹಣ್ಣ ಮಾರ್ಕೆಟ್‌ನ್ಯಾಗ ಪುಕ್ಕಟ ಸಿಗತಾವು. ಕಟ್ಟಿಗಿದು ಯಾರ ಕೊಳ್ಳತಾರವ್ವಾ?” ಎಂದು ಮಾಮಾ ತಲೆ ಚಚ್ಚಿಕೊಳ್ಳುತ್ತಿದ್ದರು. ಗಿಳಿಯ ಗಾಯ, ಇರುವೆ ಹೇಗೋ ತಡೆದುಕೊಂಡರು. ಆ ಗುಳಿಯನ್ನು ಮಾತ್ರ ಅವರಿಗೆ ಸಹಿಸಲಾಗಲಿಲ್ಲ. ನುಣುಪು ಅವರ ಧರ್ಮ. ಮಗಳು ಊಟಕ್ಕೆ ಎದ್ದಾಗ ಗುಳಿಗೆ ಅಂಟುಪುಡಿ ತುಂಬಿ ಸಪಾಟು ಮಾಡುತ್ತಿದ್ದರು. ಅವಳು ಬಂದು ಚಕ್ಕಳಮಕ್ಕಳ ಹಾಕಿ ಕುಳಿತು, ಅದು ಒಣಗುವ ಮೊದಲೇ ಕೆದರಿ ತೆಗೆಯುತ್ತಿದ್ದಳು. ಇವರು ಮತ್ತೆ ತುಂಬುವರು, ಅವಳು ಮತ್ತೆ ಕೆದರುವಳು. ಒಂದು ಮಾತೂ ಇಲ್ಲದೆ ವರ್ಷಗಟ್ಟಲೆ ನಡೆದ ಯುದ್ಧ ಅದು. ಕೊನೆಗೆ ಎರಡು ಬುಟ್ಟಿಗಳಾದವು, ಮಾರುವ ಬುಟ್ಟಿ ಮತ್ತು ಅವಳ ಬುಟ್ಟಿ. ಆದರೂ ಮಾಮಾ ದಾಟಿ ಹೋಗುವಾಗ ಕೈಗೆ ಸಿಕ್ಕ ಒಂದಕ್ಕೆ ಪುಡಿ ತುಂಬದೆ ಇರುತ್ತಿರಲಿಲ್ಲ.

ತರಬೇತಿಗೆ ಹೋಗಿ ಬಂದ ನನ್ನ ಸಹೋದ್ಯೋಗಿಯೊಬ್ಬರು, “ಇಂಥವರು ನೋಡಿದ್ದನ್ನ ಹಂಗ ತಗೀತಾರ್ರಿ, ಆದರ ಇಲ್ಲದ್ದನ್ನ ಕಲ್ಪಿಸಿಕೊಳ್ಳಾಕ ಆಗೂದಿಲ್ಲ,” ಎಂದಿದ್ದರು. ಕೇಳಿದ್ದನ್ನು ಪರೀಕ್ಷೆ ಮಾಡಿ ನೋಡುವ ಚಟ ನನಗೆ. ಮುಂದಿನ ರಜೆಯಲ್ಲಿ ಕಸ್ತೂರಕ್ಕ ಯಾವ ಹಣ್ಣು ನೋಡಿ ಬಣ್ಣ ಹಚ್ಚುತ್ತಾಳೆಂದು ಪತ್ತೆ ಮಾಡಲು ಹೊರಟೆ. ಮನೆಯೆಲ್ಲ ಹುಡುಕಿದರೂ ಒಂದು ಪೇರಲ ಸಿಗಲಿಲ್ಲ. ಅದು ಪೇರಲದ ಕಾಲವೂ ಆಗಿರಲಿಲ್ಲ.

“ಇದನ್ನ ಯಾರ ಕಚ್ಯಾರ ಕಸ್ತೂರಕ್ಕಾ?” ಎಂದು ಕೇಳಿದೆ.

“ಗಿಳಿ.”

“ಯಾವ ಗಿಳಿ?”

“ಕುಂಟ ಗಿಳಿ.”

ಉಳಿದದ್ದನ್ನು ಅವಳು ಹೇಳಲಿಲ್ಲ. ಹಣ್ಣುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ ನಾನೇ ತಿಳಿದುಕೊಳ್ಳಬೇಕಾಯಿತು. ಅವಳ ಮನಸ್ಸಿನಲ್ಲೊಂದು ತೋಟವಿದೆ. ಅಲ್ಲಿ ಪೇರಲದ ಗಿಡ ಗೋಡೆಗೆ ಒರಗಿ ಬೆಳೆದಿದೆ, ಅದಕ್ಕೇ ಆ ಗಿಡದ ಹಣ್ಣೆಲ್ಲ ಒಂದೇ ಮಗ್ಗುಲಿಗೆ ಬಿಳಿಚು. ಗಿಳಿಗೆ ಟೊಂಗೆಯ ಮೇಲೆ ನಿಲ್ಲಲು ಬರುವುದಿಲ್ಲ, ಗೋಡೆಯ ಮೇಲೆ ಕುಳಿತು ಕತ್ತೆತ್ತಿ ಕುಕ್ಕುತ್ತದೆ, ಅದಕ್ಕೇ ಗಾಯ ಯಾವಾಗಲೂ ತಳದಲ್ಲಿ. ಒಂದು ವರ್ಷ ಮಾವುಗಳಿಗೆಲ್ಲ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದವು. “ಆಣಿಕಲ್ಲ,” ಎಂದಳು. ಆ ವರ್ಷ ಗೋಕಾಕದಲ್ಲಿ ಆಣಿಕಲ್ಲಿನ ಮಳೆ ಬಿದ್ದಿರಲಿಲ್ಲ. ಅವಳ ತೋಟದಲ್ಲಿ ಬಿದ್ದಿತ್ತು. ಮತ್ತೊಂದು ವರ್ಷ ಹೋದಾಗ ಗಿಳಿಯ ಗಾಯ ತಳ ಬಿಟ್ಟು ತೊಟ್ಟಿನ ಕಡೆಗೆ ಸರಿದಿತ್ತು. “ಕುಂಟ ಗಿಳಿ ಸತ್ತಿತೇನ?” ಎಂದೆ.

“ಇಲ್ಲ. ಕಾಲ ಛಲೋ ಆತು.”

ಆ ದಿನ ನಾನು ಪಟ್ಟ ಸಂತೋಷವನ್ನು ನೆನೆದರೆ ಈಗ ನಗು ಬರುತ್ತದೆ. ಇಲ್ಲದ ತೋಟದ ಇಲ್ಲದ ಗಿಳಿಯ ಕಾಲು ವಾಸಿಯಾಯಿತೆಂದು ಅಂಗಡಿಗೆ ಹೋಗಿ ಕರದಂಟು ತಂದು ಹಂಚಿದೆ. ಕಲ್ಪನೆಯೇ ಇಲ್ಲ ಎಂದಿದ್ದ ಸಹೋದ್ಯೋಗಿಗೂ ಒಂದು ತುಂಡು ಒಯ್ದು ಕೊಟ್ಟೆ. ಯಾಕೆಂದು ಹೇಳಲಿಲ್ಲ.

ಅತ್ತಿಗೆ ಮಾತ್ರ ಗಿಳಿಯ ಸುದ್ದಿಯಿಂದ ಅಷ್ಟು ಸಂತೋಷವಾಗಲಿಲ್ಲ. ಅವಳ ಕೊರತೆ ಬೇರೆ. ನಮ್ಮ ಕಡೆ ದೊಡ್ಡ ಹೆಂಗಸರನ್ನೆಲ್ಲ ಅವ್ವಾ ಎನ್ನುವುದು ರೂಢಿ. ತರಕಾರಿಯವನು, ಹಾಲಿನವನು, ಬಾಗಿಲಿಗೆ ಬಂದ ಜಂಗಮರು, ಎಲ್ಲರೂ ಅತ್ತಿಯನ್ನು ಅವ್ವಾ ಎಂದೇ ಕರೆಯುತ್ತಿದ್ದರು. ಕಸ್ತೂರಕ್ಕ ಒಮ್ಮೆಯೂ ಕರೆಯಲಿಲ್ಲ.

“ಊರಿಗೆಲ್ಲಾ ಅವ್ವ ಆಗೇನಿ,” ಎಂದಳು ಅತ್ತಿ ಒಂದು ಮಧ್ಯಾಹ್ನ, ಅಂಟು ಕುದಿಸುತ್ತ. “ಜಳಕಾ ನಾ ಮಾಡಸ್ತೇನಿ, ಊಟಾ ನಾ ಹಾಕತೇನಿ. ಆಕಿಗೆ ನಾ ಕಾಣತೇನೋ ಇಲ್ಲೋ, ಅದ ತಿಳೀಲಿಲ್ಲ ನೋಡ. ನಿನ್ನ ಕೂಡ ಎರಡ ಮಾತ ಆಡತಾಳಲ್ಲ, ಒಂದ ಸಲ ಕೇಳ. ಆ ತ್ವಾಟದಾಗ ನಾ ಅದೇನಿ ಏನ ಅಂತ.”

ಹೋಗಿ ಕೇಳಿದೆ. “ಕಸ್ತೂರಕ್ಕಾ, ನಿನ್ನ ತ್ವಾಟದಾಗ ಯಾರ್ಯಾರ ಅದಾರ?”

“ಗಿಳಿ.”

“ಮತ್ತ?”

“ಇರಿವಿ.”

“ನಾನು?” ಎಂದೆ, ಆಸೆ ತಡೆಯದೆ.

“ಇಲ್ಲ,” ಎಂದಳು. ಕಸ್ತೂರಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ.

“ಅತ್ತಿ?”

ಕುಂಚ ನಿಂತಿತು. ಏನೋ ಹೇಳುತ್ತಾಳೆ ಎಂದುಕೊಂಡೆ. “ಮುಂದ ನಡೀರಿ, ಮುಂದ ಜಾಗಾ ಐತಿ,” ಎಂದಳು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತಿ ನಕ್ಕುಬಿಟ್ಟಳು. “ಇರಿವಿಗೆ ಜಾಗಾ ಐತಿ, ನನಗಿಲ್ಲ,” ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಕಡೆಗೆ ಹೋದಳು. ಅಂಟು ತಳ ಹಿಡಿದಿತ್ತು.

ಅತ್ತಿಯ ಬಗ್ಗೆ ಇನ್ನೊಂದು ಹೇಳಬೇಕು. ಅವಳಿಗೆ ಹಣ್ಣು ಒತ್ತಿ ನೋಡುವ ಚಾಳಿ. ಕೊಳ್ಳಲಿ ಬಿಡಲಿ, ಮಾರ್ಕೆಟ್ಟಿನಲ್ಲಿ ಕಂಡ ಹಣ್ಣಿಗೆಲ್ಲ ಬಲಗೈ ಹೆಬ್ಬೆರಳು ಒತ್ತಿ, “ಇನ್ನ ಕಾಯಿ ಐತಿ, ನಾಳಿ ಬರತೇನಿ,” ಎಂದು ಮುಂದಿನ ಬುಟ್ಟಿಗೆ ಹೋಗುತ್ತಿದ್ದಳು. “ಯವ್ವಾ, ನೀವ ಒತ್ತಿ ಒತ್ತಿನ ಹಣ್ಣ ಮಾಡತೀರಿ ನೋಡ್ರಿ!” ಎಂದು ಮಾರುವವರು ಕೈಮುಗಿಯುತ್ತಿದ್ದರು. ಕಸ್ತೂರಕ್ಕ ಚಿಕ್ಕವಳಿದ್ದಾಗ ಅತ್ತಿಯ ಸೆರಗು ಹಿಡಿದು, ತಲೆ ತಗ್ಗಿಸಿಕೊಂಡು, ಆ ಬುಟ್ಟಿಗಳ ಮಟ್ಟದಲ್ಲೇ ನಡೆಯುತ್ತಿದ್ದಳಂತೆ.

ಕಸ್ತೂರಕ್ಕನ ತಮ್ಮ ಬಸುವಿನ ಮದುವೆಯ ಮಾತು ಬಂದದ್ದು ನಾನು ಆ ತೋಟದ ಪ್ರಶ್ನೆ ಕೇಳಿದ ಸುಮಾರಿಗೆ. ಹುಕ್ಕೇರಿ ತಾಲೂಕಿನ ಕಣಗಲಾ ಊರಿನ ಹುಡುಗಿ, ಹೆಸರು ಮಹಾದೇವಿ. ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆಂದಾಗ, ಕಸ್ತೂರಿಯನ್ನು ಆ ಹೊತ್ತಿಗೆ ಒಳಗಿನ ಖೋಲಿಯಲ್ಲಿ ಕೂಡಿಸಿರಿ ಎಂದು ನೆಂಟರು ಬುದ್ಧಿ ಹೇಳಿದರು. ಅತ್ತಿ ಕೇಳಲಿಲ್ಲ. “ಮನಿ ನೋಡಾಕ ಬಂದವರು ಮನಿಯೆಲ್ಲಾ ನೋಡ್ಲಿ,” ಎಂದಳು. ಕಸ್ತೂರಕ್ಕ ಎಂದಿನಂತೆ ಪಡಸಾಲೆಯ ಮೂಲೆಯಲ್ಲಿ ತನ್ನ ಬುಟ್ಟಿಯ ಪಕ್ಕ ಕುಳಿತಿದ್ದಳು.

ಬಂದವರಲ್ಲಿ ಹುಡುಗಿಯ ದೊಡ್ಡವ್ವನದೇ ದರ್ಬಾರು. ಅಗಲ ಹಣೆ, ಅಗಲ ಕುಂಕುಮ, ಕೇಳಿದ ಪ್ರಶ್ನೆಗೆ ಉತ್ತರ ಬರುವ ಮೊದಲೇ ಮುಂದಿನ ಪ್ರಶ್ನೆ. ಮೂಲೆಯ ಕಡೆಗೆ ಎರಡು ಮೂರು ಸಲ ನೋಡಿದರು, ಏನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ನಮಗೆ ಹೆಚ್ಚು ದಿಗಿಲಾಯಿತು. ಹೊರಡುವಾಗ ಮುತ್ತೈದೆಯರಿಗೆ ಉಡಿ ತುಂಬಬೇಕಲ್ಲ. ಗೋಧಿ, ಕೊಬ್ಬರಿ ಬಟ್ಟಲು, ಖಣ, ಎಲ್ಲ ಸಿದ್ಧವಿತ್ತು. “ಹಣ್ಣ ತಾ ಬೇ, ಲಗೂನ,” ಎಂದು ಅತ್ತಿ ನನಗೆ ಹೇಳಿದಳು. ನಾನು ಲಗುಬಗೆಯಿಂದ ಹೋಗಿ ಪೇರಲ ತಂದು ತಾಟಿನಲ್ಲಿಟ್ಟೆ. ಪೇಟೆಯಿಂದ ತಂದ ಪೇರಲದ ಬುಟ್ಟಿ ಅಡುಗೆಮನೆಯಲ್ಲಿತ್ತಂತೆ. ನನಗೆ ಕಂಡದ್ದು ಮೂಲೆಯ ಬುಟ್ಟಿ.

ದೊಡ್ಡವ್ವ ಉಡಿ ಒಡ್ಡಿ ನಿಂತರು. ಗೋಧಿ ಬಿತ್ತು, ಕೊಬ್ಬರಿ ಬಿತ್ತು, ಪೇರಲ ಬಿತ್ತು. ಆಗ ಅವರು ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದು ಕೈಯಿಂದ ಆ ಹಣ್ಣನ್ನೆತ್ತಿ ಒತ್ತಿದರು. ಎಲ್ಲ ಊರಲ್ಲೂ ಒತ್ತುವವರು ಇರುತ್ತಾರೆಂದು ನನಗೆ ಆಗಲೇ ಗೊತ್ತಾದದ್ದು.

“ಕಟ್ಟಿಗಿದು!” ಎಂದರು.

ಅಳಿಯನ ತಾಟಿಗೆ ಹಾಕುವುದು ಚೇಷ್ಟೆ, ಬೀಗತಿಯಾಗಬೇಕಾದವರ ಉಡಿಗೆ ಹಾಕುವುದು ಅವಮಾನ. ಬಸುವಿನ ಮುಖ ಸುಣ್ಣವಾಯಿತು. ನನಗೆ ಭೂಮಿ ಬಾಯಿ ತೆರೆದರೆ ಇಳಿದು ಹೋಗೋಣ ಎನ್ನಿಸಿತು. ದೊಡ್ಡವ್ವ ಮಾತ್ರ ಹಣ್ಣನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

“ಗೋಕಾಕದವರು ಹುಷಾರ ಬಿಡ್ರಿ. ಗಿಳಿ ಕುಕ್ಕಿದ್ದು ಸೈತ ಬಿಟ್ಟಿಲ್ಲ,” ಎಂದರು. ಆಮೇಲೆ ಅವರ ಹೆಬ್ಬೆರಳು ತೊಟ್ಟಿನ ಹತ್ತಿರ ನಿಂತಿತು. “ಇದೇನ್ರೀ ಇಲ್ಲಿ, ನನಕಿಂತ ಮೊದಲ ಯಾರೋ ಹೆಬ್ಬಟ್ಟ ಒತ್ತಿ ನೋಡ್ಯಾರಲ್ಲ! ಉಗರ ಮೂಡೇತಿ ನೋಡ್ರಿ. ಉಗರ ನಡುವ ಸೀಳೇತಿ.”

ಅತ್ತಿಯ ಬಲಗೈ ಹೆಬ್ಬೆರಳು ಬಹಳ ಹಿಂದೆ ಬೀಸುವ ಕಲ್ಲಿಗೆ ಸಿಕ್ಕಿತ್ತು. ಅಂದಿನಿಂದ ಅದರ ಉಗುರು ನಡುವೆ ಸೀಳಿಯೇ ಬೆಳೆಯುತ್ತಿತ್ತು. ಮನೆಯವರೆಲ್ಲ ಆ ಕೈಯ ಊಟ ಉಂಡವರು. ಎಲ್ಲರೂ ಒಟ್ಟಿಗೆ ಆ ಹೆಬ್ಬೆರಳನ್ನು ನೋಡಿದೆವು.

ಅತ್ತಿ ಉಡಿ ತುಂಬುವ ತಾಟನ್ನು ನನ್ನ ಕೈಗೆ ಕೊಟ್ಟಳು. ದೊಡ್ಡವ್ವನ ಕೈಯಿಂದ ಪೇರಲ ತೆಗೆದುಕೊಂಡು ಗುಳಿಯ ಮೇಲೆ ತನ್ನ ಹೆಬ್ಬೆರಳು ಇಟ್ಟಳು. ಸರಿಯಾಗಿ ಕೂತಿತು. ಹೋಗಿ ಬುಟ್ಟಿಯ ಮುಂದೆ ಕುಳಿತಳು. ಮಾವು ತೆಗೆದಳು, ಅಂಜೂರ ತೆಗೆದಳು, ಸೀತಾಫಲ ತೆಗೆದಳು. ಆಣಿಕಲ್ಲು ಬಿದ್ದ ವರ್ಷದ್ದು, ಗಿಳಿ ಕುಂಟಾಗಿದ್ದಾಗಿನದು, ವಾಸಿಯಾದ ಮೇಲಿನದು. ಎಲ್ಲದರಲ್ಲೂ ಅವಳಿದ್ದಳು. ಅಷ್ಟು ವರ್ಷ ಅತ್ತಿ ಹಣ್ಣು ನೋಡದೆ ಮಗಳ ಮುಖ ನೋಡುತ್ತ ಕುಳಿತಿದ್ದಳು. ಮಗಳು ನೋಡುತ್ತಿದ್ದದ್ದು ಅವ್ವನ ಕೈಯನ್ನು.

ಮಾಮಾ ಗೋಡೆ ಹಿಡಿದು ನಿಧಾನಕ್ಕೆ ಕುಳಿತರು. “ಗಂಗಾ,” ಎಂದರು, “ಎಷ್ಟ ಸಲ ಪುಡಿ ತುಂಬಿ ನಿನ್ನ ಮುಚ್ಚೇನಲ್ಲೇ ನಾನು.” ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ಬೀಗರ ಮುಂದೆ ಅಳುವುದು ಆ ಕಾಲದ ಗಂಡಸರಿಗೆ ಸಣ್ಣ ಮಾತಲ್ಲ.

ಅತ್ತಿ ಮಗಳ ಕಡೆ ತಿರುಗಿದಳು. ಮುಟ್ಟಲಿಲ್ಲ, ಮುಟ್ಟಿದರೆ ಅವಳಿಗೆ ಆಗುವುದಿಲ್ಲ. “ಕಸ್ತೂರಿ, ನಿನ್ನ ತ್ವಾಟದಾಗ ಹಣ್ಣ ಒತ್ತಾಕಿ ಯಾರ?” ಎಂದಳು.

ಕಸ್ತೂರಕ್ಕ ಮುಖ ಎತ್ತಲಿಲ್ಲ. ಕುಂಚವನ್ನು ಕರಟದ ಅಂಚಿಗೆ ಒರೆಸಿ ಅತ್ತಿಯ ದನಿಯಲ್ಲೇ, ಅದೇ ಏರು, ಅದೇ ಇಳಿ, ಮಾರ್ಕೆಟ್ಟಿನಲ್ಲಿ ಕೇಳಿದ ಹಾಗೆಯೇ ಹೇಳಿದಳು: “ಇನ್ನ ಕಾಯಿ ಐತಿ, ನಾಳಿ ಬರತೇನಿ.”

ಅವ್ವಾ ಎಂದು ಅವಳು ಆ ದಿನವೂ ಕರೆಯಲಿಲ್ಲ, ಮುಂದೆಯೂ ಕರೆಯಲಿಲ್ಲ. ಅತ್ತಿ ಮತ್ತೆ ಅದನ್ನು ಕೇಳಲಿಲ್ಲ. ನಾವೆಲ್ಲ ಬುಟ್ಟಿಯ ಸುತ್ತ ಮುತ್ತಿಕೊಂಡಾಗ ಕಂಡಕ್ಟರನ ದನಿ ಎದ್ದಿತು, “ಮುಂದ ನಡೀರಿ!” ಎಲ್ಲರಿಗಿಂತ ಮೊದಲು ಹಿಂದೆ ಸರಿದವರು ದೊಡ್ಡವ್ವ. “ನಡೀರಿ ನಡೀರಿ, ಆಕಿ ಕೆಲಸಾ ಮಾಡಾಕತ್ಯಾಳ,” ಎಂದು ತಮ್ಮವರನ್ನು ಗದರಿದರು. ಹೊರಡುವಾಗ ಆ ಪೇರಲವನ್ನು ಅತ್ತಿಯ ಬಳಿಯೇ ಬಿಟ್ಟು, ಮದುವೆಯ ಮಾತನ್ನು ಗಟ್ಟಿ ಮಾಡಿ ಹೋದರು. ಪೇರಲವನ್ನು ಅತ್ತಿ ನನ್ನ ಕೈಯಲ್ಲಿಟ್ಟಳು. “ತಪ್ಪ ಬುಟ್ಟಿಗೆ ಕೈ ಹಾಕಿದ್ದಕ್ಕ ಇನಾಮು,” ಎಂದಳು.

ಇದೇ ಆ ಪೇರಲ. ಗೀರು ಮುಚ್ಚಿಸಿಕೊಂಡು ಬರೋಣವೆಂದು ಇಂದು ಬೆಳಿಗ್ಗೆ ಗೋಕಾಕದ ಬಸ್ಸು ಹತ್ತಿದೆ. ಮಾಮಾ ಹೋಗಿ ಬಹಳ ದಿನವಾಯಿತು, ಅತ್ತಿಯೂ ಹೋದಳು. ಅವಳು ಹೋದ ಮೇಲೆ ನಾನು ಆ ಮನೆಗೆ ಹೋದರೂ ಬುಟ್ಟಿಯ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಹೊಸ ಹಣ್ಣುಗಳಲ್ಲಿ ಆ ಗುಳಿ ಇಲ್ಲದೆ ಹೋದರೆ ಅತ್ತಿ ಎರಡನೆಯ ಸಲ ಹೋದಂತೆ ಎಂಬ ಹೆದರಿಕೆ. ಇಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನಿಂದ ಮಹಾದೇವಿಯ ದನಿ ಕೇಳಿತು. “ಕಸ್ತೂರಕ್ಕಾ, ಮಿಕ್ಸರ್ ಹಚ್ಚತೇನ್ರಿ!” ಹೀಗೆ ಕೂಗಿ, ಅವಳು ಕಿವಿ ಮುಚ್ಚಿಕೊಳ್ಳುವ ತನಕ ಕಾದು, ಆಮೇಲೆ ಗುಂಡಿ ಒತ್ತುವುದು ಕಣಗಲಾದ ಹುಡುಗಿ ಈ ಮನೆಗೆ ತಂದ ಪದ್ಧತಿ.

ಕಸ್ತೂರಕ್ಕನ ಕೂದಲು ಪೂರಾ ಬೆಳ್ಳಗಾಗಿದೆ. ನನ್ನ ಪೇರಲ ಕೈಗೆ ತೆಗೆದುಕೊಂಡು ಗೀರಿನ ಮೇಲೆ ಬೆರಳಾಡಿಸಿದಳು.

“ಚಾಕು,” ಎಂದಳು.

“ನಮ್ಮ ಮನಿಯವರು ಹಾಕ್ಯಾರ. ಮುಚ್ಚಿ ಕೊಡತೀಯೇನ?”

“ಬ್ಯಾಡ.”

ಆಗ ಧೈರ್ಯ ಮಾಡಿ ಅವಳ ಬುಟ್ಟಿಯಿಂದ ಒಂದು ಹೊಸ ಮಾವು ಎತ್ತಿದೆ. ಬಣ್ಣ ಇನ್ನೂ ಕೈಗೆ ಹತ್ತುತ್ತಿತ್ತು. ತಿರುಗಿಸಿದೆ. ತೊಟ್ಟಿನ ಹತ್ತಿರ ಗುಳಿ ಇತ್ತು, ಗುಳಿಯಲ್ಲಿ ನಡುವೆ ಸೀಳಿದ ಉಗುರಿತ್ತು.

“ಅತ್ತಿ ಈಗೂ ಬರತಾಳೇನ, ಕಸ್ತೂರಕ್ಕಾ?” ಎಂದೆ.

“ದಿನಾ,” ಎಂದಳು.

ಸಂಜೆ ಮನೆಗೆ ಬಂದಾಗ ಯಜಮಾನರು ಕನ್ನಡಕ ಹಾಕಿಕೊಂಡು, ಅಪರಾಧಿಯ ಮುಖ ಮಾಡಿ ಬಾಗಿಲಲ್ಲೇ ನಿಂತಿದ್ದರು. “ಆತೇನ ರಿಪೇರಿ?” ಎಂದರು.

“ಏನೂ ಕೆಟ್ಟಿರಲಿಲ್ರಿ,” ಎಂದೆ. ಗೀರನ್ನು ಕಸ್ತೂರಕ್ಕ ಗಿಳಿಯ ಗಾಯದ ಹಾಗೆ ಉಳಿಸಿಕೊಂಡಿದ್ದಳು. ನನಗೆ ಜಾಗ ಸಿಗದ ಆ ತೋಟದೊಳಗೆ ಈ ಮನುಷ್ಯ ಚಾಕು ಹಿಡಿದು ನುಗ್ಗಿಬಿಟ್ಟರಲ್ಲ ಎಂದು ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

ಷೋಕೇಸಿನ ಬಾಗಿಲು ತೆಗೆದವಳು ಹಾಗೆಯೇ ಮುಚ್ಚಿದೆ. ಪೇರಲವನ್ನು ನಾನೇ ಒಯ್ದು ಸಂತೆಯ ಹಣ್ಣುಗಳ ಬುಟ್ಟಿಯಲ್ಲಿಟ್ಟೆ. ಇಡುವ ಮುಂಚೆ ಆ ಗುಳಿಯ ಮೇಲೆ ನನ್ನ ಹೆಬ್ಬೆರಳು ಇಟ್ಟು ಮೆಲ್ಲಗೆ ಒತ್ತಿ ನೋಡಿದೆ.

“ಇನ್ನ ಕಾಯಿ ಐತಿ,” ಎಂದೆ. “ನಾಳಿ ನೋಡೂಣು.”